ಪರವಾಗಿಲ್ಲಕ್ಕೆ ಮೂರೇ ಅಂಕ

ನಮ್ಮ ಅಂಗಡಿಯ ಯಜಮಾನರು ಊರು ಬಿಟ್ಟು ಎಲ್ಲಿಗಾದರೂ ಹೋಗಿ ಬಂದರೆ ಅದರ ಫಲ ಉಣ್ಣುವವರು ನಾವು. ಒಂದು ಸಲ ಯಾರದೋ ಗೃಹಪ್ರವೇಶಕ್ಕೆ ಹೋದವರು ವಾಸ್ತು ತಿಳಿದುಕೊಂಡು ಬಂದರು. ಮಾರನೆಯ ದಿನ ನನ್ನ ಮೇಜು ಕಕ್ಕಸಿನ ಗೋಡೆಗೆ ಒರಗಿ ನಿಂತಿತ್ತು. ಇನ್ನೊಂದು ಸಲ ಬೀಗರ ಮನೆಯಿಂದ ಪ್ರಾಣಾಯಾಮ ಕಲಿತು ಬಂದರು. ಸೋಮವಾರ ಬೆಳಿಗ್ಗೆ ನಮ್ಮ ಮೆಕ್ಯಾನಿಕ್ಕುಗಳೆಲ್ಲ ಗ್ರೀಸು ಮೆತ್ತಿದ ಬೆರಳಲ್ಲಿ ಮೂಗು ಹಿಡಿದು ಸಾಲಾಗಿ ಕೂತಿದ್ದನ್ನು ಕಂಡ ಗಿರಾಕಿಯೊಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದು, ದನಿ ತಗ್ಗಿಸಿ, "ಯಾರು ಓಗ್ಬುಟ್ರು?" ಎಂದು ಕೇಳಿದರು.

ಹೀಗಿರುವಾಗ ಹೋದ ವರ್ಷ ಅವರು ಮೈಸೂರಿನ ಒಂದು ದೊಡ್ಡ ಹೋಟೆಲಿನಲ್ಲಿ ನಡೆದ ವ್ಯಾಪಾರಸ್ಥರ ತರಬೇತಿಗೆ ಹೋಗಿ ಬಂದರು. ಕೊರಳಲ್ಲಿ ತರಬೇತಿಯವರು ಕೊಟ್ಟ ಗುರುತಿನ ಪಟ್ಟಿ ಇನ್ನೂ ನೇತಾಡುತ್ತಿತ್ತು. ಕಾರಿನಿಂದ ಇಳಿಯುತ್ತಲೇ, "ಇನ್ಮೇಲೆ ನಾವು ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಪ್ರಕಾರ ನಡೀತೀವಿ" ಎಂದರು. ಕಾರಿನ ಡ್ರೈವರು ನನ್ನ ಕಿವಿಯಲ್ಲಿ, "ದಾರಿಯುದ್ದಕ್ಕೂ ಇದೇ ಮಂತ್ರ ಕಣ್ ಸಾ, ಗಾಳಿ ಸೋಂಕಿರ್ಬೇಕು" ಎಂದ.

ನಮ್ಮದು ಪಂಪ್‌ಸೆಟ್ಟಿನ ವ್ಯಾಪಾರ. ಮುಖ್ಯ ಅಂಗಡಿ ಹಾಸನದಲ್ಲಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಒಂದೊಂದು. ಹೊಸ ಮೋಟಾರು ಮಾರುತ್ತೇವೆ, ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತಿ ಕೊಡುತ್ತೇವೆ, ಪೈಪು, ಸ್ಟಾರ್ಟರು, ಕೇಬಲ್ಲು ಇಟ್ಟಿದ್ದೇವೆ. ನಾನು ಹಾಸನದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಲೆಕ್ಕ ಎಂದರೆ ಕಾಗದ. ಸ್ಕೋರ್‌ಕಾರ್ಡೂ ಕಾಗದ. ಹಾಗಾಗಿ ಅದೂ ನನ್ನ ತಲೆಗೇ ಬಂತು.

ನಾಲ್ಕೂ ಅಂಗಡಿ ನೋಡಿಕೊಳ್ಳುವವರನ್ನು ಕರೆಸಿ ಸಭೆಯಾಯಿತು. ಯಜಮಾನರು ಬಿಳಿ ಹಲಗೆಯ ಮುಂದೆ ನಿಂತು, "ಮಂಚಕ್ಕೆ ಎಷ್ಟು ಕಾಲು?" ಎಂದು ಕೇಳಿದರು. ಇಷ್ಟು ಸುಲಭದ ಪ್ರಶ್ನೆಯ ಹಿಂದೆ ಏನೋ ಕಿತಾಪತಿ ಇರಬೇಕು ಎಂದು ಎಲ್ಲರಿಗೂ ಅನುಮಾನ. ಕಡೆಗೆ ಹೊಳೆನರಸೀಪುರದವನು ಧೈರ್ಯ ಮಾಡಿದ.

"ನಾಕು ಸಾ. ನಮ್ಮನೇದಕ್ಕೆ ಮೂರೇಯ. ಒಂದ್ಕಡೆ ಇಟ್ಟಿಗೆ ಕೊಟ್ಟಿವ್ನಿ."

"ಅದೇ ಕಣ್ರಯ್ಯ ನಾನು ಹೇಳೋದು! ನಾವು ಇಷ್ಟು ದಿನ ಒಂದೇ ಕಾಲಿನ ಮೇಲೆ ಮಂಚ ನಿಲ್ಲಿಸಿದ್ವಿ. ದುಡ್ಡು, ದುಡ್ಡು, ದುಡ್ಡು. ಇನ್ಮೇಲೆ ನಾಲ್ಕು ಕಾಲು." ಹಲಗೆಯ ಮೇಲೆ ಮಂಚ ಬರೆದರು, ಅದು ಹೆಚ್ಚು ಕಡಿಮೆ ಎಮ್ಮೆಯ ಹಾಗೆ ಬಂತು. ಮೊದಲ ಕಾಲು ಆದಾಯ. ಎರಡನೆಯದು ಗಿರಾಕಿಯ ಸಮಾಧಾನ. ಮೂರನೆಯದು ಅಂಗಡಿಯೊಳಗಿನ ಕೆಲಸ, ಎಂದರೆ ಸುಟ್ಟು ಬಂದ ಮೋಟಾರು ಎಷ್ಟು ಬೇಗ ಗದ್ದೆಗೆ ಹಿಂತಿರುಗಿತು, ಸಾಮಾನು ತೀರುವ ಮುಂಚೆ ತರಿಸಿದಿರಾ ಇಲ್ಲವಾ. ನಾಲ್ಕನೆಯದು ಕಲಿಕೆ, ಕೆಲಸದವರು ಹೊಸದೇನು ಕಲಿತರು ಎಂಬುದು. ಒಂದೊಂದು ಕಾಲಿಗೂ ಅಂಕ. ಅಂಕಕ್ಕೆ ತಕ್ಕ ಹಾಗೆ ಹಸಿರು, ಹಳದಿ, ಕೆಂಪು.

ಹೊಳೆನರಸೀಪುರದವನು ಮತ್ತೆ ಕೈ ಎತ್ತಿದ. "ನಾಕು ಕಾಲು, ನಾಕು ಅಂಗ್ಡಿ. ಒಬ್ಬೊಬ್ರಿಗೆ ಒಂದೊಂದಾ ಸಾ? ಅಂಗಾದ್ರೆ ನಮ್ಗೆ ಕಲಿಕೆ ಕೊಟ್ಬುಡಿ. ದುಡ್ಡು ಪಟ್ಣದೋರ್ಗೆ ಇರ್ಲಿ."

ಪಟ್ಣ ಎಂದರೆ ಚನ್ನರಾಯಪಟ್ಟಣ. ಆ ಅಂಗಡಿಯವನು ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಸೆಂಟಿನ ಪರಿಮಳ ಮೊದಲು ಒಳಗೆ ಬಂದು ಆಮೇಲೆ ಅವನು ಬರುತ್ತಾನೆ. ಯಾರು ಏನು ಕೇಳಿದರೂ, "ಆಗೋಯ್ತು ಅನ್ಕಳಿ" ಎನ್ನುತ್ತಾನೆ. ಅನ್ಕಳ್ಳುವುದು ನಮ್ಮ ಪಾಲಿನದು. ಯಜಮಾನರು ಅವನ ಕಡೆ ನೋಡಿ, "ನಿನಗೆ ಅರ್ಥವಾಯ್ತಲ್ಲಯ್ಯ?" ಎಂದರೆ, "ಆಗೋಯ್ತು ಅನ್ಕಳಿ ಸಾ" ಎಂದ.

ವಿಚಾರ ಕೆಟ್ಟದ್ದಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿಯತನಕ ಯಜಮಾನರು ದಿನಾ ಸಂಜೆ ಅಂಗಡಿಗಳಿಗೆ ಫೋನು ಮಾಡಿ, "ಎಷ್ಟಾಯ್ತು?" ಎಂಬ ಒಂದೇ ಪ್ರಶ್ನೆ ಕೇಳಿ ಇಡುತ್ತಿದ್ದರು. ಇವತ್ತು ಕರೆದ ಹಾಲು ನಿನ್ನೆ ತಿಂದ ಮೇವು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಚೊಂಬು ನೋಡಿ ಹಸುವಿನ ಯೋಗಕ್ಷೇಮ ಹೇಳಲಾಗುವುದಿಲ್ಲ, ಕೊಟ್ಟಿಗೆಗೂ ಹೋಗಿ ಬರಬೇಕು. ಮಂಚದ ಮಿಕ್ಕ ಮೂರು ಕಾಲು ಎಂದರೆ ಆ ಕೊಟ್ಟಿಗೆಯೇ. ಆದರೆ ತರಬೇತಿಯವರು ವಿಚಾರದ ಜೊತೆಗೆ ಅಚ್ಚಾದ ಹಾಳೆ, ಕಂಪ್ಯೂಟರಿನ ತಂತ್ರಾಂಶ, ಗಿರಾಕಿಗಳಿಗೆ ಫೋನು ಮಾಡಿ ಅಭಿಪ್ರಾಯ ಕೇಳುವ ಬೆಂಗಳೂರಿನ ಒಂದು ಕಚೇರಿ, ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರಿದ್ದರು. ಗಂಟು ಬಿಚ್ಚಿದ ಮೇಲೆ ಅದರೊಳಗೆ ಒಂದು ನಿಯಮವೂ ಸಿಕ್ಕಿತು: ಯಾವ ಅಂಗಡಿಗೆ ಅಂಕದ ಒಂದು ಎಣಿಕೆಯಲ್ಲಿ ಎರಡು ಕಾಲು ಕೆಂಪಾಗಿ, ಮುಂದಿನ ಎಣಿಕೆಯಲ್ಲೂ ಕೆಂಪೇ ಉಳಿಯುತ್ತವೋ ಅದನ್ನು ಪಕ್ಕದೂರಿನ ಅಂಗಡಿಗೆ ಸೇರಿಸಬೇಕು.

ಮೊದಲ ಎಣಿಕೆ ಬಂದಾಗ ಎರಡು ಕಾಲು ಕೆಂಪಾಗಿದ್ದದ್ದು ಅರಕಲಗೂಡಿನದು.

ಆ ಅಂಗಡಿ ನೋಡಿಕೊಳ್ಳುವಾಕೆಯನ್ನು ಸುತ್ತಲ ಹಳ್ಳಿಯವರೆಲ್ಲ ಮೋಟ್ರಕ್ಕ ಎನ್ನುತ್ತಾರೆ. ಬಿಲ್ಲು ಬರೆಯಲು ಸೇರಿದವಳು ತಂತಿ ಸುತ್ತುವುದನ್ನು ನೋಡಿ ನೋಡಿ ಕಲಿತು ಕಡೆಗೆ ಅಂಗಡಿಯನ್ನೇ ಸುತ್ತಿಕೊಂಡು ಕೂತಳು. ಅಂಗಡಿಯ ಅಂದ ಕೇಳಬೇಡಿ, ಕೋಳಿ ಕೆದರಿದ ತಿಪ್ಪೆ. ಬಾಯಿ ಇನ್ನೂ ಒಂದು ಕೈ ಮೇಲು. ಮೋಟಾರು ಸುಟ್ಟುಕೊಂಡು ತಂದವನು ಮೊದಲು ಬೈಗುಳ ತಿನ್ನಬೇಕು, ಆಮೇಲೆ ರಿಪೇರಿ. "ಕರೆಂಟಿನ ಒಂದು ಫೇಸ್ ಓಗಿದ್ರೂ ಓಡಿಸ್ತೀಯಲ್ಲ, ನಿನ್ ಎಂಡ್ತಿ ಜರ ಬಂದು ಮಲ್ಗಿದ್ರೂ ಮುದ್ದೆ ತಿರುವ್ಸ್ತೀಯಾ?" ಎಂದು ಎಲ್ಲರ ಮುಂದೆ ಕೇಳುತ್ತಾಳೆ. ಅಷ್ಟಾದ ಮೇಲೆ ಹಿಂದಿನ ಕೋಣೆಯಿಂದ ಒಂದು ಹಳೇ ಮೋಟಾರು ಎತ್ತಿಸಿ, "ತಕಂಡೋಗು, ನಿಂದು ರಿಪೇರಿ ಆಗೋಗಂಟ ಶುಂಠಿ ಒಣಗ್ಬಾರ್ದು" ಎಂದು ಕಳಿಸುತ್ತಾಳೆ. ಹಾಗೆ ಬದಲಿ ಕೊಡಲೆಂದೇ ಗುಜರಿಯ ಮೋಟಾರುಗಳನ್ನು ಸರಿಮಾಡಿ ಇಟ್ಟಿದ್ದಾಳೆ. ತಂತ್ರಾಂಶದಲ್ಲಿ ಈ ಬದಲಿ ಮೋಟಾರನ್ನು ಬರೆಯಲು ಒಂದು ಮನೆಯೇ ಇರಲಿಲ್ಲ.

ಅವಳ ಕಲಿಕೆಯ ಕಾಲು ಕೆಂಪಾದದ್ದು ನ್ಯಾಯವೇ. ತರಬೇತಿಯವರು ಮೊಬೈಲಿಗೆ ವಿಡಿಯೋ ಪಾಠ ಕಳಿಸುತ್ತಿದ್ದರು. ಪೂರ್ತಿ ಓಡಿಸಿದರೆ ಅಂಕ. ಮೊದಲ ಪಾಠ 'ನಗುನಗುತ್ತಾ ಮಾತನಾಡುವುದು ಹೇಗೆ' ಎಂದು. ಪಟ್ಣದವನು ಮೊಬೈಲಿನ ದನಿ ತೆಗೆದು ಕ್ಯಾಲೆಂಡರಿನ ಮೊಳೆಗೆ ಒರಗಿಸಿ ಟೀ ಕುಡಿಯಲು ಹೋಗುತ್ತಿದ್ದ; ಪಾಠವನ್ನು ಗೋಡೆ ಕಲಿಯುತ್ತಿತ್ತು, ಅಂಕ ಇವನಿಗೆ ಬರುತ್ತಿತ್ತು. ಮೋಟ್ರಕ್ಕ ಮೊದಲ ಪಾಠ ಶುರುವಾದ ಕೂಡಲೇ, "ಇವಳ್ಯಾಕಣ್ಣ ಅಲ್ಲು ಕಿರೀತಾಳೆ?" ಎಂದು ಆರಿಸಿದವಳು ಮತ್ತೆ ಹಚ್ಚಲೇ ಇಲ್ಲ.

ಆದರೆ ಗಿರಾಕಿಯ ಕಾಲೂ ಕೆಂಪು! ಅದನ್ನು ನಾನೂ ನಂಬಲಿಲ್ಲ. ಪಟ್ಣದ ಅಂಗಡಿಗೆ ಅದೇ ಕಾಲು ಹುಲ್ಲುಗಾವಲಿನ ಹಸಿರು. ಫಲಿತಾಂಶ ತಿಳಿದ ಬೆಳಿಗ್ಗೆಯೇ ಅವಳ ಫೋನು ಬಂತು.

"ಅಣ್ಣಾ, ನನ್ ಗಿರಾಕಿಗಳು ನನ್ನ ಕೆಟ್ಟೋಳು ಅಂದವ್ರಾ?"

"ಕೆಟ್ಟೋಳು ಅಂತಿಲ್ಲ ಕಣಕ್ಕ. ಸಾಧಾರಣ ಅಂತ ಬಂದಿದೆ."

"ಸಾದಾರ್ಣ?" ಅವಳ ದನಿ ಒಂದು ಮೆಟ್ಟಿಲು ಇಳಿಯಿತು. "ಕೆಟ್ಟೋಳು ಅಂದಿದ್ರೂ ಬೇಕಾಗಿತ್ತು. ಯಾರಂದ್ರು ಏಳಿ, ಅವನ ಬೋರಿಗೆ ಇಳ್ಸಿರೋ ಮೋಟ್ರ ಎತ್ಕಂಡ್ ಬಂದ್ಬುಡ್ತೀನಿ."

ಆಮೇಲೆ ಸುಮ್ಮನಾದಳು. ಮೋಟ್ರಕ್ಕ ಸುಮ್ಮನಾಗುವುದು ಎಂದರೆ ಕರೆಂಟು ಹೋದ ಹಾಗೆ, ಇದ್ದಕ್ಕಿದ್ದ ಹಾಗೆ ಸುತ್ತಲೂ ಬೇರೇನೋ ಕೇಳತೊಡಗುತ್ತದೆ. "ಒಳೆನರಸೀಪುರಕ್ಕೆ ಓಗ್ಬೌದು ಕಣಣ್ಣ, ಬಸ್ಸದೆ. ಅಲ್ಲೋಗಿ ಕೂತ್ರೆ ನಾನು ಸಂಬಳದೋಳು ಅಷ್ಟೆ. ಇಲ್ಲಿ ನಾನು ಮೋಟ್ರಕ್ಕ. ಆ ಎಸರ ಬಸ್ಸಲ್ಲಿ ಏರ್ಕಂಡೋಗಕ್ಕಾಯ್ತದಾ? ಮುಚ್ಚುದ್ರೆ ನಾನು ಬುಟ್ಬುಡ್ತೀನಿ."

ಬೆಂಗಳೂರಿನ ಕಚೇರಿಯವರು ಪ್ರತಿ ಕರೆಯನ್ನೂ ಧ್ವನಿಮುದ್ರಿಸಿ ಕಳಿಸುತ್ತಿದ್ದರು. ಯಾರೂ ಕೇಳುವುದಿಲ್ಲ ಎಂಬ ಭರವಸೆಯಿಂದಲೇ ಕಳಿಸುತ್ತಿದ್ದರು ಎಂದು ಕಾಣುತ್ತದೆ. ನಾನು ಕಕ್ಕಸಿನ ಗೋಡೆಗೆ ಬೆನ್ನು ಕೊಟ್ಟು ಕೂತು, ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳತೊಡಗಿದೆ.

ಮೊದಲು ಪಟ್ಣದ್ದು. ಜಿನನಾಥಪುರದ ಕಡೆಯ ಒಬ್ಬ ತೆಂಗಿನ ತೋಟದವರು. ಕೇಳುವ ಹುಡುಗಿಯ ದನಿ ಜೇನು.

"ನಮ್ಮ ಸೇವೆ ತಮಗೆ ಹೇಗನ್ನಿಸಿತು ಸರ್?"

"ಬಾರೀ ಚೆನ್ನಾಗಿ ಮಾಡವ್ರೆ ಕಣವ್ವ. ಬಿಚ್ಚವ್ರೆ, ಕಟ್ಟವ್ರೆ, ತಿರ್ಗಾ ಬಿಚ್ಚವ್ರೆ. ನಿಮ್ಮೋರ ಕೆಲ್ಸ ನೋಡಿ ತೆಂಗಿನ ಮರ ಎಲ್ಲಾ ಗರಿ ಇಳೆಬುಟ್ಕಂಡು ಕೈ ಮುಗ್ಕಂಡ್ ನಿಂತವೆ."

"ತುಂಬಾ ಸಂತೋಷ ಸರ್. ಹಾಗಾದರೆ ಅತ್ಯುತ್ತಮ ಅಂತ ಬರೆದುಕೊಳ್ಳಲಾ?"

"ಬರ್ಕೊ ತಾಯಿ, ಚಿನ್ನದ ಅಕ್ಸರದಲ್ಲಿ ಬರ್ಕೊ. ನಿಮ್ ಅಂಗ್ಡಿಯೋನ್ಗೆ ಒಂದು ಆರ್ತಿ ಎತ್ಬೇಕು ಅಂತಿವ್ನಿ, ಸಿಕ್ತಾ ಇಲ್ಲ ಬಡ್ಡೀಮಗ."

ಐದಕ್ಕೆ ಐದು.

ಆಮೇಲೆ ಅರಕಲಗೂಡಿನದು. ಹೊಗೆಸೊಪ್ಪಿನವರು, ಶುಂಠಿಯವರು, ಆಲೂಗಡ್ಡೆಯವರು. ಎಲ್ಲರದೂ ಒಂದೇ ಉತ್ತರ.

"ನಮ್ಮ ಸೇವೆ ಹೇಗನ್ನಿಸಿತು ಸರ್?"

"ಪರ್ವಾಗಿಲ್ಲ."

"ಅತ್ಯುತ್ತಮ, ಉತ್ತಮ, ಪರವಾಗಿಲ್ಲ, ಕಳಪೆ, ಅತಿ ಕಳಪೆ. ಇದರಲ್ಲಿ ಯಾವುದು ಸರ್?"

"ಅದೇ ಏಳುದ್ನಲ್ಲವ್ವ. ಪರ್ವಾಗಿಲ್ಲ."

ಐದಕ್ಕೆ ಮೂರು. ಮೂರು ಎಂದರೆ ಕೆಂಪು.

ನಾನು ಕಿವಿಯ ವೈರು ಕಿತ್ತಿಟ್ಟು ನಗುವುದೋ ಅಳುವುದೋ ತಿಳಿಯದೆ ಕೂತೆ. ನಾನು ಮಾತು ಕಲಿತದ್ದು ಹಳ್ಳಿಮೈಸೂರಿನಲ್ಲಿ, ಅಜ್ಜಿಯ ಸೆರಗಿನ ಹಿಂದೆ. ನಮ್ಮಜ್ಜಿಯ ಬಾಯಿಂದ 'ಚೆನ್ನಾಗಿದೆ' ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ. ಮದುವೆಯೂಟ ಉಂಡು ಬಂದು 'ಏನೋ ಮಾಡುದ್ರು' ಎಂದರೆ ಅನ್ನ ಬೆಂದಿರಲಿಲ್ಲ ಎಂದರ್ಥ. 'ಇರ್ಲಿ ಬುಡು' ಎಂದರೆ ಪಾಯಸಕ್ಕೆ ನೀರು ಹೊಯ್ದಿದ್ದರು. 'ಬಾರೀ ಆಯ್ತು' ಎಂದರೆ ಆ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದು. ಆದರೆ 'ಪರವಾಗಿಲ್ಲ' ಎಂದು, ಕೊನೆಯ ಲಕಾರವನ್ನು ನಾಲಿಗೆಯ ಮೇಲೆ ಒಂದು ಗಳಿಗೆ ಕೂರಿಸಿಕೊಂಡು ಹೇಳಿದರೋ, ಅದೇ ಅಡುಗೆಯವನನ್ನು ನಮ್ಮ ಮನೆಯ ಮದುವೆಗೂ ಗೊತ್ತು ಮಾಡುತ್ತಿದ್ದರು. ಅದರಾಚೆ ಮಾತಿಲ್ಲ. ಅದಕ್ಕಿಂತ ಮೇಲೆ ಹೊಗಳಿದರೆ ದೃಷ್ಟಿ ತಾಕುತ್ತದೆ. ಹಸುವಿನ ಹಾಲು ಬತ್ತುತ್ತದೆ, ಮಗು ಭೇದಿ ಮಾಡಿಕೊಳ್ಳುತ್ತದೆ. ನಾನು ಹುಟ್ಟಿದಾಗ ಅಜ್ಜಿ ತೊಟ್ಟಿಲು ಬಗ್ಗಿ ನೋಡಿ, "ಪರ್ವಾಗಿಲ್ಲ, ಮೂಗದೆ" ಎಂದರಂತೆ. ನಮ್ಮಮ್ಮ ಇವತ್ತಿಗೂ ಅದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾಳೆ.

ಯಜಮಾನರ ಬಳಿ ಹೋಗಿ ಎರಡೂ ಕರೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ತರಬೇತಿ ಆದಾಗಿನಿಂದ ಏನು ಕೇಳಬೇಕಾದರೂ ಕಣ್ಣು ಮುಚ್ಚುತ್ತಿದ್ದರು.

"ಆ ತೆಂಗಿನ ತೋಟದೋರು ಉಗಿದಿರೋದು ಯಜಮಾನ್ರೆ. ಈ ಶುಂಠಿಯೋರು ಹೊಗಳಿರೋದು."

"ನೋಡಯ್ಯ," ಎಂದರು, ತರಬೇತಿಯ ದನಿಯಲ್ಲಿ, "ಅಂಕಿಗೆ ದಾಕ್ಷಿಣ್ಯ ಇಲ್ಲ. ದಾಕ್ಷಿಣ್ಯ ಇರೋದು ನಮಗೆ. ಅವಳ ಮೇಲೆ ನಿನಗೆ ಅಭಿಮಾನ, ಅದಕ್ಕೇ ಹೀಗೆ ಕೇಳಿಸ್ತದೆ. ಇದೇ ಹಾಳೆ ಹೊರದೇಶದಲ್ಲೆಲ್ಲ ನಡೆಯುತ್ತಂತೆ. ಅರಕಲಗೂಡಿಗೆ ಮಾತ್ರ ಬೇರೆ ಮಾಡ್ಸೋಕಾಗ್ತದಾ?"

"ಹೊರದೇಶದೋರು ಅರಕಲಗೂಡಲ್ಲಿ ಮೋಟಾರು ತಗೊಳಲ್ಲವಲ್ಲ ಯಜಮಾನ್ರೆ."

"ನಿನ್ನ ಮೇಜು ಇನ್ನೂ ಒಳಕ್ಕೆ ಹಾಕಿಸ್ಲಾ?"

ನಾನು ಎದ್ದು ಬಂದೆ. ಒಳಕ್ಕೆ ಹಾಕಿಸಲು ಉಳಿದಿದ್ದು ಕಕ್ಕಸು ಒಂದೇ.

ನಾನು ಕೇಳಿದ್ದನ್ನು ಮೋಟ್ರಕ್ಕನಿಗೆ ಹೇಳಿದ್ದೇ ತಡ, ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಸಮಸ್ಯೆ ಅಷ್ಟೇನಾ? ಗಿರಾಕಿಗಳಿಗೆ ಮಾತು ಕಲಿಸಿದರಾಯಿತು. ಸ್ಟಾಕು ನೋಡಲು ನಾನು ಅರಕಲಗೂಡಿಗೆ ಹೋದ ದಿನ ಅಲ್ಲಿ ಪಾಠಶಾಲೆ ನಡೆಯುತ್ತಿತ್ತು. ಒಬ್ಬ ವಯಸ್ಸಾದ ಶುಂಠಿ ಬೆಳೆಗಾರರು, ಎಲ್ಲರೂ ತಾತ ಎನ್ನುವವರು, ತಲೆಗೆ ಟವೆಲು ಸುತ್ತಿಕೊಂಡು ಪೈಪಿನ ಸುರುಳಿಯ ಮೇಲೆ ಕೂತಿದ್ದರು.

"ತಾತ, ಬೆಂಗ್ಳೂರಿಂದ ಫೋನ್ ಬಂದ್ರೆ ಏನಂತೀರಿ?"

"ಪರ್ವಾಗಿಲ್ಲ ಅಂತೀನಿ."

"ಅನ್ಬಾರ್ದು! ಅತ್ಯುತ್ತಮ ಅನ್ಬೇಕು. ಅನ್ನಿ ನೋಡವಾ. ಅತ್ಯುತ್ತಮ."

ತಾತ ಸುತ್ತಲೂ ನೋಡಿದರು. ಕೆಟ್ಟ ಮಾತು ಆಡಿಸುತ್ತಿದ್ದಾಳೇನೋ ಎನ್ನುವ ಹಾಗೆ ಮುಖ ಕೆಂಪಾಯಿತು. "ಅದು ಭಾಷಣದಲ್ಲಿ ಏಳೋ ಮಾತು ಕಣವ್ವ. ನಮ್ ಬಾಯಲ್ಲಿ ಬಂದ್ರೆ ಜನ ನಗಾಕಿಲ್ವ?"

"ನಗ್ಲಿ. ನನ್ ಅಂಗ್ಡಿ ಉಳೀಬೇಕೋ ಬ್ಯಾಡ್ವೋ?"

"ಉಳೀಬೇಕು."

"ಅಂಗಾರೆ ಅನ್ನಿ."

"ಅತ್ತೆ... ಉತ್ತಮ."

ಒಳಗೆ ತಂತಿ ಸುತ್ತುತ್ತಿದ್ದ ಮೆಕ್ಯಾನಿಕ್ಕು ಕಿಸಕ್ಕನೆ ನಕ್ಕ. ಮೋಟ್ರಕ್ಕ ಹಣೆ ಚಚ್ಚಿಕೊಂಡಳು. "ಯಾರ ಅತ್ತೇನೂ ಉತ್ತಮ ಅಲ್ಲ ತಾತ, ನಾನು ಉತ್ತಮ!"

ಆ ವಾರ ತಾತನಿಗೆ ಫೋನು ಬಂದೇ ಬಂತು. ಧ್ವನಿಮುದ್ರಿಸಿದ್ದನ್ನು ನಾನು ಹಾಸನದಲ್ಲಿ ಕೇಳಿದೆ.

"ನಮ್ಮ ಸೇವೆ ಹೇಗನ್ನಿಸಿತು ಸರ್?"

"ಅತ್ತೆ ಉತ್ತಮ ಕಣವ್ವ."

"ಸರ್?"

"ಅತ್ತೆ! ಉತ್ತಮ!"

"ಅತ್ತೆಯವರು ನಮ್ಮ ಗ್ರಾಹಕರಾ ಸರ್?"

"ಅವ್ರು ಸತ್ತು ಬಾಳ ದಿವ್ಸ ಆಯ್ತು ಕಣವ್ವ. ಮೋಟ್ರಕ್ಕ ಇಂಗೇ ಏಳು ಅಂದ್ಲು."

ಹುಡುಗಿ 'ಸಂಬಂಧವಿಲ್ಲದ ಉತ್ತರ' ಎಂದು ಬರೆದುಕೊಂಡಳು. ಅದಕ್ಕೆ ಸೊನ್ನೆ.

ಇದೂ ಸಾಲದು ಎಂಬಂತೆ, ಹೊಗೆಸೊಪ್ಪು ಬೆಳೆಯುವ ಒಬ್ಬನು ತುಸು ಓದಿದವನಾದ್ದರಿಂದ ಪಾಠವನ್ನು ಸರಿಯಾಗಿ ಒಪ್ಪಿಸಿದ. "ಅತ್ಯುತ್ತಮ, ಅತ್ಯುತ್ತಮ" ಎಂದು ಎರಡು ಸಲ ಸ್ಪಷ್ಟವಾಗಿ ಹೇಳಿದ. ಆ ಸಂಜೆಯೇ ಅವನ ಮೋಟಾರು ಸುಟ್ಟು ಹೋಯಿತು. ಕರೆಂಟು ಏರಿಳಿದು ಸುಟ್ಟಿದ್ದೋ ಏನೋ, ಆದರೆ ಊರಿನ ತೀರ್ಪು ಬೇರೆಯಾಯಿತು. "ಬಾಯ್ತುಂಬಾ ಒಗಳ್ದ, ಕಣ್ಣಾಯ್ತು" ಎಂದು ಸುದ್ದಿ ಹಬ್ಬಿತು. ಅವನು ಮೋಟಾರನ್ನು ಹೊತ್ತುಕೊಂಡು ಬಂದು ಕಟ್ಟೆಯ ಮೇಲೆ ಇಟ್ಟು, "ನಿನ್ ಮಾತು ಕೇಳಿ ಇಂಗಾಯ್ತು ಕಣಕ್ಕ, ನೀನೇ ಸರಿ ಮಾಡ್ಕೊಡು, ಜೊತ್ಗೆ ಒಂದು ನಿಂಬೆಹಣ್ಣೂ ಕಟ್ಟು" ಎಂದ. ಕಟ್ಟಿದಳು. ಅಲ್ಲಿಂದ ಮುಂದೆ ಆ ಹೋಬಳಿಯಲ್ಲಿ ಯಾರಿಗೆ ಫೋನು ಬಂದರೂ 'ಪರವಾಗಿಲ್ಲ' ಎನ್ನುವುದಿರಲಿ, ಭಯದಿಂದ 'ಏನೋ ಅದೆ' ಎನ್ನತೊಡಗಿದರು. ಅದನ್ನು ಬೆಂಗಳೂರಿನವರು 'ಕಳಪೆ' ಎಂದು ಬರೆದುಕೊಂಡರು.

ಎರಡನೆಯ ಎಣಿಕೆಯಲ್ಲಿ ಅರಕಲಗೂಡು ಇನ್ನೂ ಗಾಢವಾದ ಕೆಂಪಾಯಿತು. ಪಟ್ಣದ ಅಂಗಡಿಗೆ ಯಜಮಾನರು ಒಂದು ಗೋಡೆ ಗಡಿಯಾರ ಬಹುಮಾನ ಕೊಟ್ಟರು. ಅವನು ಅದನ್ನು ತೆಗೆದುಕೊಳ್ಳುತ್ತಾ, "ಇನ್ನೂ ಮೇಲಕ್ಕೆ ಓಯ್ತೀವಿ ಸಾ, ಆಗೋಯ್ತು ಅನ್ಕಳಿ" ಎಂದ.

ಯಜಮಾನರು ನನ್ನನ್ನೂ ಕರೆದುಕೊಂಡು ಅರಕಲಗೂಡಿಗೆ ಸ್ವತಃ ಹೊರಟರು. ನಿಯಮ ನಿಯಮವೇ, ಆದರೆ ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಅವರಿಗೂ ಅನ್ನಿಸಿತ್ತು. ಕಾರಿನ ಹಿಂದುಗಡೆ ಸುತ್ತಿಟ್ಟ ಒಂದು ಫ್ಲೆಕ್ಸು: 'ಈ ಅಂಗಡಿಯನ್ನು ಹೊಳೆನರಸೀಪುರಕ್ಕೆ ಸ್ಥಳಾಂತರಿಸಲಾಗಿದೆ. ಗ್ರಾಹಕರು ಸಹಕರಿಸಬೇಕು.' ಪಕ್ಕದಲ್ಲಿ ಕೈ ಮುಗಿದು ನಿಂತ ಯಜಮಾನರ ಚಿತ್ರ. ದಾರಿಯುದ್ದಕ್ಕೂ ಡ್ರೈವರು ಹಾರನ್ ಕೂಡ ಹೊಡೆಯಲಿಲ್ಲ.

ನಾವು ಹೋದಾಗ ಮೋಟ್ರಕ್ಕ ಹಿಂದಿನ ಕೋಣೆಯಲ್ಲಿದ್ದಳು. ಮುಂದೆ ತಾತ ಪೈಪಿನ ಸುರುಳಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಇನ್ನೂ ನಾಲ್ಕಾರು ಜನ ನಿಂತಿದ್ದರು. ಯಜಮಾನರನ್ನು ಅವರಲ್ಲಿ ಯಾರೂ ನೋಡಿದವರಲ್ಲ. ನಮ್ಮ ಯಜಮಾನರಿಗೆ ಏನನ್ನಿಸಿತೋ, ಗಿರಾಕಿಯ ಹಾಗೆ ತಾತನ ಪಕ್ಕ ಹೋಗಿ ನಿಂತು ಕೇಳಿದರು.

"ಹೆಂಗೆ ಈ ಅಂಗಡಿ?"

"ಪರ್ವಾಗಿಲ್ಲ," ಎಂದರು ತಾತ, ಲಕಾರವನ್ನು ಎಲೆಯಡಿಕೆಯ ಜೊತೆ ಒಂದು ಸುತ್ತು ಹೊರಳಿಸಿ.

ಯಜಮಾನರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನೋಡಿದೆಯಾ, ಎದುರಿಗೇ ಕೇಳಿದರೂ ಅದೇ ಉತ್ತರ, ಎಂದು. ಆಮೇಲೆ ತಾತನಿಗೆ, "ಹಂಗಾದ್ರೆ ಇದನ್ನ ಮುಚ್ಚಿ ಹೊಳೆನರಸೀಪುರದ್ದಕ್ಕೆ ಸೇರಿಸಿದ್ರೆ ನಿಮಗೇನೂ ಬಾಧೆ ಇಲ್ಲ?" ಎಂದರು.

ತಾತ ಅಗಿಯುವುದನ್ನು ನಿಲ್ಲಿಸಿದರು. "ಏನಂದೆ?"

"ಮುಚ್ಚಿದ್ರೆ ಅಂತ."

"ಯಾವನ್ಲಾ ಅವನು ಮುಚ್ಚೋನು?" ತಾತ ಎದ್ದೇ ಬಿಟ್ಟರು, ಸುರುಳಿ ಉರುಳಿ ಬಾಗಿಲಿಗೆ ಹೋಗಿ ನಿಂತಿತು. "ಪರ್ವಾಗಿಲ್ಲ ಅಂತ ಬಾಯ್ಬುಟ್ಟು ಏಳ್ತಾವ್ನಿ, ಮುಚ್ತೀನಿ ಅಂತೀಯಲ್ಲ, ಕಿವಿ ಸರ್ಯಾಗದಾ ನಿಂಗೆ? ನಾನು ನನ್ ಸ್ವಂತ ಅಳಿಯನ್ನೂ ಪರ್ವಾಗಿಲ್ಲ ಅಂದೋನಲ್ಲ ಕಣಯ್ಯ! ಯಾವೂರು ನಿಂದು?"

"ದಂಡಿಗನಹಳ್ಳಿ," ಎಂದರು ಯಜಮಾನರು, ಒಂದು ಹೆಜ್ಜೆ ಹಿಂದಿಟ್ಟು.

"ದಂಡಿಗನಹಳ್ಳಿಯೋನಾಗಿ ಪರ್ವಾಗಿಲ್ಲ ಅಂದ್ರೆ ಏನಂತ ಗೊತ್ತಾಗಕಿಲ್ವಾ? ನಿಮ್ಮವ್ವ ನಿಂಗೆ ಮಾತೇ ಕಲಿಸ್ನಿಲ್ವ?"

ಯಜಮಾನರ ಕಿವಿ ಎರಡೂ ಕೆಂಪಾದವು. ನನ್ನ ಕೆಲಸ ಹೋಯಿತು ಎಂದೇ ನಾನು ಲೆಕ್ಕ ಹಾಕಿದೆ. ಆಮೇಲೆ ನೋಡಿದರೆ ಅವರ ಹೊಟ್ಟೆ ಅಲುಗಾಡುತ್ತಿದೆ. ನಗು. ತರಬೇತಿಯಲ್ಲಿ ಕಲಿತ ನಗುವಲ್ಲ, ದಂಡಿಗನಹಳ್ಳಿಯದು, ಕೆಮ್ಮಿನಿಂದ ಶುರುವಾಗುವಂಥದ್ದು.

"ಗೊತ್ತಾಯ್ತದೆ ತಾತ, ಗೊತ್ತಾಯ್ತದೆ. ನಮ್ಮವ್ವ ಇದೇ ಮಾತು ಕಲ್ಸಿದ್ಲು. ಮೈಸೂರಲ್ಲಿ ಅದನ್ನ ಮರ್ಸಿ ಕಳ್ಸುದ್ರು, ಅದ್ಕೂ ದುಡ್ಡು ತಗಂಡ್ರು!"

ಅಲ್ಲೇ ನಿಂತು ಬೆಂಗಳೂರಿನ ಕಚೇರಿಗೆ ಫೋನು ಹಚ್ಚಿದರು. ಎಲ್ಲರಿಗೂ ಕೇಳಲಿ ಎಂದು ದನಿ ಜೋರು ಮಾಡಿದರು. "ಏನಮ್ಮ, ನಿಮ್ ಹಾಳೇಲಿ ಪರವಾಗಿಲ್ಲ ಯಾಕೆ ಮೂರನೇದು?"

"ಸರ್, ಅದು ಆವರೇಜ್ ಸರ್."

"ಯಾರ್ ಆವರೇಜು? ಇಲ್ಲೊಬ್ರು ತಾತ ಸ್ವಂತ ಅಳಿಯಂಗೆ ಕೊಡದೇ ಇಟ್ಕೊಂಡಿರೋದು ಅದು. ಅದಕ್ಕೆ ಐದು ಕೊಡಿ."

"ಸರ್, ಮಾಪನ ಬದಲಾಯಿಸೋಕೆ ಅವಕಾಶ ಇಲ್ಲ ಸರ್."

"ಹಂಗಾದ್ರೆ ಹೆಂಗಿದೆ ಅಂತ ಕೇಳೋದೇ ಬೇಡ. ಮತ್ತೆ ಮೋಟಾರು ಸುಟ್ರೆ ಯಾರ ಹತ್ರ ಹೋಗ್ತೀರಿ ಅಂತ ಕೇಳಿ. ಅಷ್ಟೇ ಬರ್ಕೊಳ್ಳಿ. ಮೊದಲು ಪಟ್ಣದೋರ್ನ ಕೇಳಿ, ಆ ತೆಂಗಿನ ತೋಟದೋರ್ನ." ನನ್ನ ಕಡೆ ತಿರುಗಿ, "ಆ ಗಡಿಯಾರ ವಾಪಸ್ ತರಿಸ್ಬೌದೇನಯ್ಯ?" ಎಂದು ಪಿಸುಗುಟ್ಟಿದರು.

ಇಷ್ಟು ಹೊತ್ತೂ ಮೋಟ್ರಕ್ಕ ಹಿಂದಿನ ಬಾಗಿಲಲ್ಲಿ, ಕೈಯಲ್ಲಿ ತಂತಿಯ ಉಂಡೆ ಹಿಡಿದು ನಿಂತಿದ್ದಳು. ಕಣ್ಣಲ್ಲಿ ನೀರಿತ್ತೋ ಏನೋ. ಮೂಗು ಎಳೆದುಕೊಂಡದ್ದು ಕೇಳಿತು. ಅದನ್ನು ಯಾರೂ ಗಮನಿಸುವ ಮುಂಚೆ ಚೌಕಾಶಿ ಶುರು ಮಾಡಿದಳು.

"ಅಂದ್ರೆ ಅಂಗ್ಡಿ ಮುಚ್ಚಾಕಿಲ್ಲ?"

"ಮುಚ್ಚಲ್ಲ. ಆದ್ರೆ ಕಲಿಕೆಯ ಕಾಲು ಕೆಂಪೇ ಕಣಮ್ಮ. ಅದರಲ್ಲಿ ರಿಯಾಯ್ತಿ ಇಲ್ಲ. ಪಾಠ ನೋಡ್ಲೇಬೇಕು."

"ನಗೋದು ಕಲ್ಸೋದಾದ್ರೆ ನಾನೊಲ್ಲೆ. ಈಗ ಸೋಲಾರ್ ಪಂಪ್ ಬತ್ತಾ ಅವೆ, ಅದ್ರ ಡಬ್ಬಿ ಒಳ್ಗೆ ಏನದೆ ಅಂತ ನಂಗೂ ಗೊತ್ತಿಲ್ಲ, ನಿಮ್ಗೂ ಗೊತ್ತಿಲ್ಲ. ಗಿರಾಕಿ ತಂದ್ರೆ ನಾನು ಬಾಯ್ ಬಾಯ್ ಬುಡ್ತೀನಿ. ಅದನ್ನ ಕಲ್ಸಿ, ಎಷ್ಟೊತ್ತು ಬೇಕಾದ್ರೂ ಕೂತ್ಕತೀನಿ."

ಯಜಮಾನರು ತಲೆದೂಗಿದರು. ಮಂಚದ ನಾಲ್ಕನೆಯ ಕಾಲು ಯಾತಕ್ಕೆ ಇರುವುದು ಎಂದು ನನಗೂ ಆಗಲೇ ಹೊಳೆದದ್ದು. "ಆಯ್ತು, ಹುಬ್ಬಳ್ಳೀಲಿ ಕಲಿಸ್ತಾರಂತೆ, ಕಳಿಸ್ತೀನಿ. ಮೆಕ್ಯಾನಿಕ್ಕನ್ನೂ ಕರ್ಕೊಂಡೋಗು," ಎಂದರು.

"ಬದ್ಲಿ ಮೋಟ್ರು ಕೊಡೋದನ್ನೂ ನಿಮ್ ಕಂಪ್ಯೂಟ್ರಲ್ಲಿ ಬರ್ಕಬೇಕು."

"ಬರ್ಕೋತಾನೆ ಇವನು," ಎಂದು ನನ್ನನ್ನು ತೋರಿಸಿದರು.

ಅಷ್ಟರಲ್ಲಿ ನಮ್ಮ ಡ್ರೈವರು, ಒಳಗೆ ಏನಾಯಿತೆಂದು ತಿಳಿಯದವನು, ಹೇಳಿದ ಕೆಲಸ ಮಾಡಿಬಿಡೋಣ ಎಂದು ಫ್ಲೆಕ್ಸನ್ನು ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲಲ್ಲಿ ಬಿಚ್ಚಿದ. ಕೈ ಮುಗಿದ ಯಜಮಾನರ ಚಿತ್ರ ಎಲ್ಲರ ಮುಂದೆ ಹರಡಿಕೊಂಡಿತು. ತಾತ ಅದನ್ನು ನೋಡಿ, ಯಜಮಾನರ ಮುಖ ನೋಡಿ, ಮತ್ತೆ ಅದನ್ನು ನೋಡಿ, "ಓಹೋ, ಮುಚ್ಚೋನು ನೀನೇಯ?" ಎಂದರು.

"ಸುತ್ತಿಡೋ ಅದನ್ನ!" ಎಂದು ಯಜಮಾನರು ಡ್ರೈವರನ್ನು ಗದರಿದರು. ಆಮೇಲೆ ಮುಖ ಸಣ್ಣಗೆ ಮಾಡಿ, "ಎಷ್ಟು ಕೊಟ್ಟು ಮಾಡ್ಸಿದ್ದು, ಛೇ," ಎಂದರು.

ಮೋಟ್ರಕ್ಕ ಫ್ಲೆಕ್ಸಿನ ಅಂಚನ್ನು ಬೆರಳಲ್ಲಿ ಉಜ್ಜಿ, ಸೀರೆ ಅಂಗಡಿಯಲ್ಲಿ ನೋಡುವ ಹಾಗೆ ಎಳೆದು ನೋಡಿದಳು. "ಒಳ್ಳೆ ಗಟ್ಟಿ ಅದೆ. ಯಾಕ್ ಸುತ್ತೀರಿ, ಕೊಡಿ ಇಲ್ಲಿ. ಇಂದ್ಗಡೆ ತಂತಿ ಸುತ್ತೋ ಜಾಗ ಸೋರ್ತದೆ."

"ನನ್ನ ಮುಖ ಇದೆಯಲ್ಲಮ್ಮ ಅದರಲ್ಲಿ."

"ಅಕ್ಸರ, ಮುಖ ಎಲ್ಲಾ ಮೇಲ್ಗಡೆ ಮಾಡಾನ. ಕಾಗೆ ಓದ್ಕಳ್ಳಿ."

ಹಿಂದಿನ ಕೋಣೆಯ ಮಾಡಿನ ಶೀಟಿನ ಮೇಲೆ ಮೆಕ್ಯಾನಿಕ್ಕು ಹತ್ತಿದ. ಕೆಳಗೆ ನಿಂತು ಡ್ರೈವರು ಒಂದು ಮೂಲೆಯ ಹಗ್ಗ ಹಿಡಿದ, ನಾನೊಂದು, ತಾತ ಬೇಡವೆಂದರೂ ಕೇಳದೆ ಇನ್ನೊಂದು. ನಾಲ್ಕನೆಯ ಮೂಲೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಯಜಮಾನರು ಪಂಚೆಯ ಅಂಚನ್ನು ಮೇಲಕ್ಕೆ ಕಟ್ಟಿ ಅದರ ಹಗ್ಗ ಹಿಡಿದರು.

"ಇನ್ನೊಂಚೂರು ಎಳೀರಿ ಸಾ," ಎಂದು ಮೋಟ್ರಕ್ಕ ಪಕ್ಕದಲ್ಲಿ ನಿಂತು ಕೂಗಿದಳು. "ಇನ್ನೂ. ಸಡ್ಲ ಬುಟ್ರೆ ನೀರು ನಿಂತು ಕಿತ್ತೋಯ್ತದೆ. ಹಾಂ, ಅಲ್ಲೇ ಗಂಟಾಕಿ."

ಯಜಮಾನರು ಹಲ್ಲು ಕಚ್ಚಿ ಎಳೆದು ಗಂಟು ಹಾಕಿದರು.